ಒಮೆನ ತಳಕ್ಕಿಳಿಯುವ ಹೊತ್ತು

ಕಾಯಿ ಹೊತ್ತು ತಂದವರು ಅದನ್ನು ದೋರ್ಸಿಲಾಳ ಎದುರಿಗೆ ಇಡಲಿಲ್ಲ. ಮನೆಯ ಹಿಂದಕ್ಕೆ ಒಯ್ದು, ನೀರಿನ ಡ್ರಮ್ಮಿನ ಪಕ್ಕ ಇಳಿಸಿ, ಮೇಲೊಂದು ಗೋಣಿಚೀಲ ಹೊದಿಸಿ, ಬರಿಗೈಲಿ ಬಂದವರ ಹಾಗೆ ಮುಂದೆ ಬಂದು ಅಂಗಳದಲ್ಲಿ ಕೂತರು. ಯಾಗೊ ಮರದ ಕಾಯಿ ಗೋಣಿಚೀಲದಲ್ಲಿ ಮುಚ್ಚಿಡುವಂಥದ್ದಲ್ಲ. ಮೊಳಕ್ಕಿಂತ ಉದ್ದ, ವರ್ಷ ತುಂಬಿದ ಮಗುವಿನಷ್ಟು ಭಾರ. ಅದು ನೆಲಕ್ಕಿಳಿದ ಸದ್ದು ಒಳಗೆ ಚಾಪೆಯ ಮೇಲೆ ಕೂತಿದ್ದ ದೋರ್ಸಿಲಾಳಿಗೆ ಕೇಳಿತ್ತು. ಲೋಲ್ವೆ ಸರೋವರದ ದಂಡೆಯಲ್ಲೇ ಹುಟ್ಟಿ ಬೆಳೆದ ಹೆಂಗಸಿಗೆ ಅದು ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೀರಿಗೆ ಬಿದ್ದವನ ಹೆಣ ಸಿಗದೆ ಹೋದರೆ ಅವನ ಗೋರಿಗೆ ಇಳಿಯುವುದು ಆ ಕಾಯಿ.

"ಅದನ್ನ ಎಲ್ಲಿಂದ ತಂದ್ರೋ ಅಲ್ಲಿಗೇ ತಗೊಂಡೋಗಿ," ಎಂದಳು ಅವಳು ಒಳಗಿನಿಂದಲೇ. "ನನ್ನ ಮಗ ಕಾಯಿಯಲ್ಲ."

ಗಂಡನ ಅಣ್ಣ ಮಗ್ವಾರ್ ಗಂಟಲು ಸರಿಮಾಡಿಕೊಂಡ. ಮನೆತನಕ್ಕೆ ಹಿರಿಯ ಅವನೇ. ತಮ್ಮ ಸತ್ತ ಮೇಲೆ ಈ ಅಂಗಳದ ಒಳ್ಳೆಯದು ಕೆಟ್ಟದ್ದಕ್ಕೆಲ್ಲ ಮಾತಾಡಬೇಕಾದವನೂ ಅವನೇ.

"ಯಾರೂ ಹಂಗನ್ನಲಿಲ್ಲ ಕಣವ್ವ. ಸುಮ್ನೆ ತಂದಿಟ್ಟಿದೀವಿ. ಇದ್ರೆ ಇರ್ಲಿ ಅಂತ."

"ಹೆಣದ ಬಟ್ಟೆನ ಯಾರಾದ್ರೂ ಇದ್ರೆ ಇರ್ಲಿ ಅಂತ ತತ್ತಾರಾ ಭಾವ?"

ಕೂತವರೆಲ್ಲ ನೆಲ ನೋಡಿದರು.

ಒಸೇವೆ ನೀರಿಗೆ ಬಿದ್ದು ಅಂದಿಗೆ ಆರನೇ ದಿನ. ದೋರ್ಸಿಲಾಳ ಹಿರಿಯ ಮಗ, ಇಪ್ಪತ್ತಾರು ವರ್ಷದವನು, ವಸೊಂಗಾನ ದೋಣಿಯಲ್ಲಿ ದೀಪ ನೋಡಿಕೊಳ್ಳುತ್ತಿದ್ದವನು. ಒಮೆನ ಹಿಡಿಯುವುದು ಚಂದ್ರನಿಲ್ಲದ ರಾತ್ರಿಗಳಲ್ಲಿ. ಪೆಟ್ರೋಮ್ಯಾಕ್ಸ್ ಹೊತ್ತಿಸಿ ಪುಟ್ಟ ತೆಪ್ಪಗಳ ಮೇಲಿಟ್ಟು ನೀರಿನಲ್ಲಿ ತೇಲಬಿಟ್ಟರೆ, ಬೆರಳುದ್ದದ ಬೆಳ್ಳಿ ಮೀನು ಆ ಬೆಳಕಿಗೆ ಗುಂಪುಗುಂಪಾಗಿ ಮೇಲೇಳುತ್ತದೆ. ಆಗ ಕೆಳಗಿನಿಂದ ಬಲೆ ಎತ್ತಬೇಕು. ಅವತ್ತು ಗಾಳಿ ಎದ್ದು ಒಂದು ತೆಪ್ಪ ಹಗ್ಗ ಕಿತ್ತುಕೊಂಡಿತು. ಅದನ್ನು ಹಿಡಿಯಲು ಬಾಗಿದ ಒಸೇವೆ ಮತ್ತೆ ನೆಟ್ಟಗಾಗಲಿಲ್ಲ. ನಾಲ್ವರನ್ನು ಒಯ್ದ ದೋಣಿ ಮೂವರನ್ನು ವಾಪಸು ತಂದಿತು.

ನೀರಿನೊಳಗೆ ಮನುಷ್ಯ ಇರುವಾಗ ಅದೇ ನೀರಿನಿಂದ ಮೀನು ಎತ್ತಬಾರದು. ಅದು ಆ ದಂಡೆಯ ಕಟ್ಟಳೆ. ಗಂಡಸಾದರೆ ನಾಲ್ಕು ದಿನ ಕಾಯುತ್ತಾರೆ, ಅಷ್ಟರೊಳಗೆ ನೀರು ತಾನಾಗಿಯೇ ಹಿಂದಕ್ಕೆ ಕೊಡುತ್ತದೆ. ಈ ಸಲ ಕೊಡಲಿಲ್ಲ. ನಾಲ್ಕನೇ ದಿನ ಸಂಜೆ ಹಿರಿಯರು ಬಂದು ಕೇಳಿದಾಗ ದೋರ್ಸಿಲಾ ಇನ್ನೊಂದು ದಿನ ಅಂದಳು. ಐದನೇ ದಿನವೂ ಅದನ್ನೇ ಅಂದಳು. ಹೆತ್ತವಳು ಒಪ್ಪದೆ ಯಾಗೊ ಹೂಳುವಂತಿಲ್ಲ, ಯಾಗೊ ಹೂಳದೆ ದೋಣಿ ನೀರಿಗಿಳಿಯುವಂತಿಲ್ಲ. ಇಪ್ಪತ್ತೆರಡು ದೋಣಿ ಮರಳಿನ ಮೇಲೆ ಬೋರಲು ಬಿದ್ದಿದ್ದವು. ತಿಂಗಳಲ್ಲಿ ಸಿಗುವುದೇ ಹದಿನಾರೋ ಹದಿನೇಳೋ ಕತ್ತಲ ರಾತ್ರಿ. ಅದರಲ್ಲಿ ಆರು ಸುಮ್ಮನೆ ಕಳೆದಿದ್ದವು.

ಮೊದಲ ಮೂರು ದಿನ ದಂಡೆಯ ಹೆಂಗಸರು ಅವಳಿಗೆ ಗಂಜಿ ತಂದು ಕುಡಿಸಿದರು, ಜೊತೆಗೆ ಕೂತು ಎದೆ ಬಡಿದುಕೊಂಡು ಅತ್ತರು. ನಾಲ್ಕನೇ ದಿನ ಗಂಜಿ ತೆಳುವಾಯಿತು. ಐದನೇ ದಿನ ಯಾರೂ ಬರಲಿಲ್ಲ. ಅವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ದುಃಖ ಒಬ್ಬರದು, ಹೊಟ್ಟೆ ಎಲ್ಲರದು.

"ಅತ್ತಿಗೆ," ಎಂದು ಅಂಗಳದಿಂದ ಕೂಗಿದವನು ವಸೊಂಗಾ. ಅವಳ ಗಂಡನ ಜೊತೆ ಒಂದೇ ದೋಣಿಯಲ್ಲಿ ಹುಟ್ಟು ಹಾಕಿದವನು, ಈಗ ಸ್ವಂತ ದೋಣಿಯ ಯಜಮಾನ. "ಎರಡು ದ್ವೀಪದ ನಡುವೆ ಎಲ್ಲಾ ಹುಡುಕಿದ್ವಿ. ಆ ಕಡೆ ದಂಡೆಯವ್ರಿಗೂ ಹೇಳಿದೀವಿ. ಇನ್ನೇನ್ ಮಾಡನ ಹೇಳು, ಮಾಡ್ತೀವಿ."

ದೋರ್ಸಿಲಾ ಎದ್ದು ಬಾಗಿಲಿಗೆ ಬಂದಳು.

"ನೀರು ಮಗುಚೋವರ್ಗೂ ಕಾಯಿರಿ."

ವಸೊಂಗಾ ಮಗ್ವಾರನ ಮುಖ ನೋಡಿದ.

"ನಿಂಗೆ ಗೊತ್ತಿಲ್ಲದೇ ಇರೋದೇನಲ್ಲ ವಸೊಂಗಾ. ಇದು ಗಾಳಿ ತಿಂಗಳು. ತೆಂಕಲ ಗಾಳಿ ಎರಡು ದಿನ ಬಿಡದಂಗೆ ಬೀಸ್ತು ಅಂದ್ರೆ ತಳದ ತಣ್ಣೀರು ಮೇಲಕ್ಕೆ ಬತ್ತದೆ. ಕಪ್ಪಗಾಯ್ತದೆ, ನಾರ್ತದೆ, ಒಮೆನ ಉಸಿರು ಕಟ್ಟಿ ದಡಕ್ಕೆ ಬಂದು ಬಾಯಿ ಬಿಡ್ತವೆ. ತಳದಾಗೆ ಏನೇನದೆ ಎಲ್ಲಾ ಮೇಲಕ್ಕೆ ಬತ್ತದೆ. ಆ ತಣ್ಣೀರೇ ಅವನ್ನ ಹಿಡ್ಕೊಂಡಿರೋದು. ಅದು ಮಗುಚಿದ್ರೆ ನನ್ನ ಮಗನೂ ಬತ್ತಾನೆ."

"ಬತ್ತಾನೆ ಅತ್ತಿಗೆ, ಇಲ್ಲ ಅನ್ನಲ್ಲ. ಆದ್ರೆ ಯಾವತ್ತು ಮಗುಚ್ತದೆ ಅಂತ ಯಾರು ಕಂಡವ್ರೆ? ನಾಳೆನೇ ಆಗ್ಬೋದು, ಇನ್ನೊಂದು ತಿಂಗಳಿಗೂ ಆಗ್ಬೋದು. ಹೋದ ವರ್ಷ ಮಗುಚಲೇ ಇಲ್ಲ."

"ಸರಿ. ಇವತ್ತು ಕಾಯಿ ಹೂತಿರಿ ಅಂತಿಟ್ಕೋ. ನಾಡಿದ್ದು ಅವನು ಬಂದ. ಆಗ?"

ಉತ್ತರ ಎಲ್ಲರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಕೊನೆಗೆ ಮಗ್ವಾರನೇ ಹೇಳಬೇಕಾಯಿತು.

"ಒಬ್ಬನಿಗೆ ಎರಡು ಗೋರಿ ಇಲ್ಲ ಕಣವ್ವ. ಎರಡನೇದು ತೋಡಿದ್ರೆ ಅದು ಅದೇ ಮನೆಯ ಇನ್ನೊಬ್ಬನ್ನ ಕೇಳ್ತದೆ."

ಹೇಳುವಾಗ ಅವನು ನೋಡಬಾರದೆಂದುಕೊಂಡರೂ ಕಣ್ಣು ಬೇಲಿಯ ಕಡೆಗೇ ಹೋಯಿತು. ಅಲ್ಲಿ ದೋರ್ಸಿಲಾಳ ಕಿರಿಯ ಮಗ ಒಬೂರೆ ಕಾಲು ಚಾಚಿಕೊಂಡು ಬಲೆ ಹೊಲಿಯುತ್ತಿದ್ದ. ದಂಡೆಯ ಬಲೆಗಳೆಲ್ಲ ಅವನ ಕೈಗೇ ಬರುತ್ತಿದ್ದವು. ಆರು ದಿನದಿಂದ ಯಾವ ಬಲೆಯೂ ನೀರು ಕಂಡಿರಲಿಲ್ಲ, ಆದರೂ ಅವನು ಹೊಲಿಯುತ್ತಲೇ ಇದ್ದ. ಹೊಲಿದಿದ್ದನ್ನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದ.

ದೋರ್ಸಿಲಾ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

ಮಧ್ಯಾಹ್ನ ಬಾಗಿಲು ತಟ್ಟದೆ ಒಳಗೆ ಬಂದವಳು ತ್ರುಫೇನಾ. ಇಪ್ಪತ್ತು ವರ್ಷದಿಂದ ಇಬ್ಬರೂ ಅಕ್ಕಪಕ್ಕದಲ್ಲೇ ಒಮೆನ ಒಣಗಿಸಿದವರು. ಮರಳಿನ ಮೇಲೆ ಇವಳ ಹಾಸು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಅವಳ ಹಾಸು. ಗಡಿಗಾಗಿ ದಿನವೂ ಜಗಳ, ಜಗಳ ಮುಗಿದ ಮೇಲೆ ಒಂದೇ ತಟ್ಟೆಯಲ್ಲಿ ಮುದ್ದೆ.

"ಬಯ್ಯೋದಾದ್ರೆ ಮೊದ್ಲೇ ಬಯ್ದುಬಿಡು. ಆಮೇಲೆ ಮಾತಾಡ್ತೀನಿ," ಎಂದಳು ತ್ರುಫೇನಾ ಚಾಪೆಯ ತುದಿಯಲ್ಲಿ ಕೂರುತ್ತ.

"ಬಯ್ಯಕ್ಕೆ ತಾಕತ್ತಿಲ್ಲ. ಹೇಳು."

"ಪೇಟೆಯಿಂದ ಬರೋ ಲಾರಿಯವನು ಹೇಳಿ ಕಳಿಸವ್ನೆ. ಈ ದಂಡೆ ಒಮೆನ ಸದ್ಯಕ್ಕೆ ಬ್ಯಾಡ್ವಂತೆ. ಜನ ತಿನ್ನಲ್ವಂತೆ."

"ಯಾಕಂತೆ?"

ತ್ರುಫೇನಾ ಸೆರಗಿನ ಅಂಚು ಸುರುಳಿ ಸುತ್ತಿದಳು. ಅವಳ ನಾಲಿಗೆ ತಡವರಿಸಿದ್ದನ್ನು ದೋರ್ಸಿಲಾ ಇದೇ ಮೊದಲು ನೋಡಿದ್ದು.

"ಮೀನು ಮನುಷ್ಯನ್ನ ತಿಂದವಂತೆ ಅಂತ."

ದೋರ್ಸಿಲಾ ಎದ್ದು, ಮೂಲೆಯ ಮಡಕೆಗೆ ಕೈ ಹಾಕಿ ಒಂದು ಒಣ ಒಮೆನ ತೆಗೆದು ತ್ರುಫೇನಾಳ ಅಂಗೈ ಮೇಲಿಟ್ಟಳು.

"ಬಾಯಿ ನೋಡು ಅದರದ್ದು. ಎಳ್ಳುಕಾಳಿನಷ್ಟಾದ್ರೂ ಅದಾ? ಅದೂ ಮೇಲಕ್ಕೆ ತಿರುಗಿರೋದು. ನೀರಾಗೆ ತೇಲೋ ದೂಳು, ಕಣ್ಣಿಗೆ ಕಾಣದ ಹುಳ, ನೊಣದ ಮರಿ, ಇಷ್ಟೇ ಅದು ತಿನ್ನೋದು. ನಿನ್ನ ಬೆರಳು ಅದ್ದಿದ್ರೆ ಉಗುರೂ ಕಚ್ಚಲ್ಲ. ಮೂವತ್ತು ವರ್ಷ ಇದರ ಹೊಟ್ಟೆ ಸೀಳಿದೀನಿ. ಲಾಡಿ ಹುಳ ಕಂಡಿದೀನಿ, ಮೊಟ್ಟೆ ಕಂಡಿದೀನಿ. ಇನ್ನೇನೂ ಕಂಡಿಲ್ಲ."

"ನಂಗೊತ್ತು ಕಣೆ. ಲಾರಿಯವನಿಗೆ ಯಾರು ಹೇಳ್ತಾರೆ?"

"ಅವನ್ಗೆ ಹೇಳು, ಅವನ ಬಾಯಿ ಇದಕ್ಕಿಂತ ದೊಡ್ಡದದೆ ಅಂತ."

ತ್ರುಫೇನಾ ನಕ್ಕಳು. ನಕ್ಕಿದ್ದಕ್ಕೆ ನಾಚಿ ಮುಖ ಮುಚ್ಚಿಕೊಂಡಳು. ಹೋಗುವಾಗ ಆ ಒಂದು ಮೀನನ್ನು ಅವಳು ವಾಪಸು ಇಡಲಿಲ್ಲ, ಮುಷ್ಟಿಯಲ್ಲೇ ಹಿಡಿದುಕೊಂಡು ಹೋದಳು. ದೋರ್ಸಿಲಾ ಅದನ್ನು ಆಗ ಗಮನಿಸಲಿಲ್ಲ.

ಹೊತ್ತು ಇಳಿದ ಮೇಲೆ ಅವಳು ದಂಡೆಗೆ ಹೋದಳು. ಒಸೇವೆ ಬಿದ್ದಂದಿನಿಂದ ದಿನಕ್ಕೆರಡು ಸಲ ಹೋಗಿ ನೀರಿನಲ್ಲಿ ಮೊಣಕಾಲವರೆಗೆ ನಿಂತು ಬರುತ್ತಿದ್ದಳು. ಕೈಯಲ್ಲಿ ನೀರೆತ್ತಿ ಮೂಸಿದಳು. ಎಂದಿನ ವಾಸನೆ, ಎಂದಿನ ಬಿಸುಪು. ಪಾದದ ಬಳಿ ಅಕ್ಕಿ ಗಾತ್ರದ ಒಮೆನ ಮರಿಗಳು ಜೊಂಡಿನ ಬುಡದಲ್ಲಿ ಅಲ್ಲಿಂದಿಲ್ಲಿಗೆ ಓಡುತ್ತಿದ್ದವು. ಮರಿಗಳು ದಡದಲ್ಲಿರುತ್ತವೆ, ದೊಡ್ಡವಾದ ಮೇಲೆ ಆಳಕ್ಕೆ ಹೋಗುತ್ತವೆ. ಒಸೇವೆ ನಾಲ್ಕು ವರ್ಷದವನಾಗಿದ್ದಾಗ ಇಲ್ಲೇ ಎಲ್ಲೋ ನಿಂತು, "ಹಗಲೊತ್ತು ದೊಡ್ಡ ಒಮೆನ ಎಲ್ಲಿರ್ತವೆ ಅವ್ವ?" ಎಂದು ಕೇಳಿದ್ದ. ತಳದಲ್ಲಿ, ಕತ್ತಲಲ್ಲಿ, ಒಂದರ ಪಕ್ಕ ಒಂದು ಮಲಗಿರ್ತವೆ ಅಂದಿದ್ದಳು. "ಅವುಕ್ಕೆ ಹೆದರಿಕೆ ಆಗಲ್ವಾ?" ಅಂದಿದ್ದ. ಅಷ್ಟೊಂದು ಜನ ಜೊತೇಲಿದ್ರೆ ಯಾರಿಗಾದ್ರೂ ಹೆದರಿಕೆ ಆಯ್ತದಾ ಅಂದಿದ್ದಳು.

ವಾಪಸು ಬರುವಾಗ ಒಣಗಿಸುವ ಜಾಗದಲ್ಲಿ ಯಾರೋ ಮಂಡಿಯೂರಿ ಕೂತದ್ದು ಕಾಣಿಸಿತು. ತ್ರುಫೇನಾ. ಜರಡಿ ಹಿಡಿದು ಮರಳು ಸೋಸುತ್ತಿದ್ದಳು. ಒಂದು ವಾರದ ಹಿಂದೆ ಒಣಗಿಸಿದ್ದರಲ್ಲಿ ಮುರಿದು ಉದುರಿದ ತಲೆ, ಬಾಲ, ಹಕ್ಕಿ ಬಿಟ್ಟುಹೋದ ಚೂರು ಎಲ್ಲವೂ ಜರಡಿಯಲ್ಲಿ ಉಳಿಯುತ್ತಿದ್ದವು. ಪಕ್ಕದಲ್ಲಿ ಡಬ್ಬಿ ಇತ್ತು, ಅರ್ಧ ತುಂಬಿತ್ತು. ತ್ರುಫೇನಾಳ ಮನೆಯಲ್ಲಿ ಮಗಳು ಬಿಟ್ಟುಹೋದ ಮೊಮ್ಮಕ್ಕಳು ನಾಲ್ಕು.

ನೆರಳು ಬಿದ್ದದ್ದು ನೋಡಿ ತ್ರುಫೇನಾ ತಲೆಯೆತ್ತಿದಳು.

"ಕೋಳಿಗೆ," ಎಂದಳು ತಕ್ಷಣ.

ತ್ರುಫೇನಾಳ ಮನೆಯಲ್ಲಿ ಕೋಳಿ ಇರಲಿಲ್ಲ. ಕೊನೆಯದನ್ನು ಎರಡನೇ ದಿನ ಕೊಯ್ದು ದೋರ್ಸಿಲಾಳ ಮನೆಗೆ ಬಂದ ನೆಂಟರಿಗೆ ಅವಳೇ ಸಾರು ಮಾಡಿ ಬಡಿಸಿದ್ದಳು.

"ನಾಳೆ ಹೂತ್ಬಿಡಿ," ಎಂದಳು ದೋರ್ಸಿಲಾ. "ಭಾವನಿಗೆ ನೀನೇ ಹೇಳು. ನಂಗೆ ಇನ್ನೊಂದ್ಸಲ ಹೇಳಕ್ಕಾಗಲ್ಲ."

ಏಳನೇ ದಿನ ಮಧ್ಯಾಹ್ನ ಎಲ್ಲ ಸಿದ್ಧವಾಯಿತು. ಪಾದ್ರಿ ಬರಲಿಲ್ಲ, ಕಾಯಿಗೆ ಪ್ರಾರ್ಥನೆ ಹೇಳುವುದಿಲ್ಲ ಅಂದನಂತೆ. ಮಗ್ವಾರ್ ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. ಪಾದ್ರಿ ಹುಟ್ಟುವ ಮೊದಲೂ ಜನ ಮುಳುಗುತ್ತಿದ್ದರು ಅಂದ. ಮದುವೆಯಾಗದ ಮಗನಾದ್ದರಿಂದ ತಾಯಿಯ ಮನೆಯ ಎಡಕ್ಕೆ ಗುಂಡಿ ತೋಡಿದ್ದರು. ಬೇಲಿಯ ಬಾಗಿಲ ಹತ್ತಿರ ಒಸೇವೆ ತನಗೆಂದು ಕಟ್ಟಿಕೊಂಡಿದ್ದ ಗುಡಿಸಲಿನ ಬಾಗಿಲು ತೆರೆದೇ ಇತ್ತು. ಅವನು ಹೋಗುವಾಗ ಹೇಗೆ ಬಿಟ್ಟಿದ್ದನೋ ಹಾಗೆ. ಒಳಗಿನಿಂದ ಅವನ ಅಂಗಿ ತಂದು, ಕಾಯಿಗೆ ಎಣ್ಣೆ ಸವರಿ, ಅಂಗಿ ಸುತ್ತಿ ಅದರ ಮೇಲಿನ ಬಟನ್ ಹಾಕಿದರು. ಒಬೂರೆ ಅದನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದ. ತಲೆಯ ಕಡೆ ಯಾವುದು ಕಾಲಿನ ಕಡೆ ಯಾವುದು ಎಂದು ಅವನಿಗೆ ಗೊತ್ತಾಗಲಿಲ್ಲ, ಗುಂಡಿಯ ಅಂಚಿನಲ್ಲಿ ನಿಂತು ದೊಡ್ಡಪ್ಪನ ಮುಖ ನೋಡಿದ. ಮಗ್ವಾರನಿಗೂ ಗೊತ್ತಿರಲಿಲ್ಲ. ತೊಟ್ಟು ಇರುವ ಕಡೆ ತಲೆ ಅಂದ.

ಕಾಯಿ ಅರ್ಧ ಇಳಿದಿತ್ತು. ಆಗ ಗಾಳಿ ಬಿರುಸಾಯಿತು.

ದೋರ್ಸಿಲಾ ತಲೆಯೆತ್ತಿದಳು. ಎರಡು ದಿನದಿಂದ ತೆಂಕಲಿಂದಲೇ ಬೀಸುತ್ತಿತ್ತು, ಆದರೆ ಹೀಗಲ್ಲ. ಈಗ ಅದರಲ್ಲಿ ತಣ್ಣಗಿನದೇನೋ ಇತ್ತು. ಅದರ ಹಿಂದೆಯೇ ವಾಸನೆ ಬಂತು, ತೀರ ಸಣ್ಣದಾಗಿ, ಕೊಳೆತ ಮೊಟ್ಟೆಯದು, ಹಳೇ ಕೆಸರಿನದು. ಮೂಗು ಅರಳಿತು. ಸುತ್ತ ನೋಡಿದಳು. ಯಾರಿಗೂ ಬಂದಂತೆ ಕಾಣಲಿಲ್ಲ. ಅಳುವವರು ಅಳುತ್ತಿದ್ದರು, ಗುದ್ದಲಿ ಹಿಡಿದವರು ಕಾಯುತ್ತಿದ್ದರು. ಬೇಲಿಯಾಚೆ ದಂಡೆಯಲ್ಲಿ ದೋಣಿಗಳನ್ನು ಆಗಲೇ ಮಗುಚಿ ನೆಟ್ಟಗೆ ಮಾಡಿದ್ದರು, ಬಲೆ ತುಂಬಿದ್ದರು. ದೀಪಗಳಿಗೆ ಎಣ್ಣೆ ಹಾಕಿದ್ದರು.

ನಿಲ್ಲಿಸಿ ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ಮಾತು ಗಂಟಲಿಗೆ ಬಂತು ಕೂಡ. ನಲವತ್ತು ಜನ ಅವಳನ್ನು ನೋಡುತ್ತಿದ್ದರು, ಅದರಲ್ಲಿ ತ್ರುಫೇನಾಳ ನಾಲ್ಕು ಮೊಮ್ಮಕ್ಕಳೂ ಇದ್ದವು. ಒಪ್ಪಿಕೊಂಡವಳು ಗುಂಡಿಯ ಅಂಚಿನಲ್ಲಿ ನಿಂತು ವಾಸನೆ ಬಂತು ಅಂದರೆ ಯಾರು ನಂಬುತ್ತಾರೆ? ಹೆತ್ತ ಕರುಳು, ತಲೆ ಕೆಟ್ಟಿದೆ ಅನ್ನುತ್ತಾರೆ. ಅವಳಿಗೇ ನಂಬಿಕೆ ಇರಲಿಲ್ಲ. ಏಳು ದಿನದಿಂದ ನಿದ್ದೆಯಿಲ್ಲದ ಮೂಗು. ಮತ್ತೆ ಅವಳು ಸುಸ್ತಾಗಿದ್ದಳು, ಅದೂ ನಿಜ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಹಾಕಿದಳು. ಮಣ್ಣು ಅಂಗಿಯ ಮೇಲೆ ಬಿತ್ತು.

ಸಂಜೆ ಅವಳ ತಲೆ ಬೋಳಿಸಿದರು. ಕತ್ತಲಾಗುವ ಮೊದಲೇ ದೋಣಿಗಳು ಹೊರಟವು.

ಬೆಳಿಗ್ಗೆ ದಂಡೆಯಿಂದ ಕೇಳಿಬಂದ ಗಲಾಟೆಗೆ ಅವಳಿಗೆ ಎಚ್ಚರವಾಯಿತು. ಗೋರಿ ಮುಚ್ಚಿ ನಾಲ್ಕು ದಿನ ಹೆತ್ತವಳು ಮನೆ ಬಿಟ್ಟು ಹೊರಗೆ ಬರಬಾರದು. ಅವಳು ತಲೆಗೆ ಬಟ್ಟೆ ಸುತ್ತಿಕೊಂಡು, ಬೋಗುಣಿ ತೆಗೆದುಕೊಂಡು ಹೋದಳು. ನೋಡಿದ ಹೆಂಗಸರು ದಾರಿ ಬಿಟ್ಟರು, ಯಾರೂ ಬೇಡವೆನ್ನಲಿಲ್ಲ. ದೋಣಿಗಳು ಅಂಚಿನವರೆಗೆ ನೀರಿನಲ್ಲಿ ಕೂತಿದ್ದವು. ಅಷ್ಟು ಒಮೆನ. ಮರಳಿನ ಮೇಲೆ ರಾಶಿ, ರಾಶಿಯ ಮೇಲೆ ರಾಶಿ, ಹಕ್ಕಿಗಳನ್ನು ಓಡಿಸಲು ಯಾರಿಗೂ ಪುರುಸೊತ್ತಿಲ್ಲ.

"ನೋಡ್ದಾ, ಒಸೇವೆ ನಮಗೆ ಕಳಿಸವ್ನೆ," ಎಂದಳು ತ್ರುಫೇನಾ ಅಳುತ್ತ ನಗುತ್ತ. ಸೊಂಟದವರೆಗೆ ಒದ್ದೆಯಾಗಿದ್ದಳು.

ದೋರ್ಸಿಲಾ ರಾಶಿಯಿಂದ ಒಂದು ಹಿಡಿ ಎತ್ತಿಕೊಂಡಳು. ಬೆಳ್ಳಿ ಮಾಸಿತ್ತು. ಕಿವಿರು ತೆಗೆದು ನೋಡಿದರೆ ಕೆಂಪಿರಲಿಲ್ಲ, ಇಟ್ಟಿಗೆ ಪುಡಿಯ ಬಣ್ಣ. ಬಾಯಿ ಎಲ್ಲವಕ್ಕೂ ತೆರೆದಿತ್ತು. ಮೂಗಿಗೆ ಹಿಡಿದಳು. ಮೀನಿನ ವಾಸನೆಗಿಂತ ಮೊದಲು ಕೆಸರಿನ ವಾಸನೆ. ಅವಳು ನೀರಿನ ಕಡೆ ನೋಡಿದಳು. ದಡದವರೆಗೂ ಕಪ್ಪು ಹಸಿರು.

ನೀರು ಮಗುಚಿತ್ತು.

ವಸೊಂಗಾನ ದೋಣಿ ಎಲ್ಲರಿಗಿಂತ ಕೊನೆಗೆ ಬಂತು. ಅವನ ಇಬ್ಬರು ಆಳುಗಳು ಯಾರೊಂದಿಗೂ ಮಾತಾಡದೆ ಮೀನು ಇಳಿಸಿದರು. ಅವರಲ್ಲೊಬ್ಬ ದೋರ್ಸಿಲಾಳ ಬೋಗುಣಿಯನ್ನು ಕಿತ್ತುಕೊಂಡು ತುಂಬಿದ, ತುಂಬಿದ ಮೇಲೂ ಹಾಕಿದ, ಮೀನು ಅಂಚಿನಿಂದ ಜಾರಿ ಕೆಳಗೆ ಬೀಳುತ್ತಿದ್ದರೂ ಹಾಕುತ್ತಲೇ ಇದ್ದ. ದುಡ್ಡು ಬೇಡ ಅಂದ. ವಸೊಂಗಾ ಅವಳತ್ತ ತಿರುಗದೆ ಹುಟ್ಟಿಗೆ ಹಗ್ಗ ಸುತ್ತುತ್ತಲೇ ಇದ್ದ. ಅದು ಅಷ್ಟು ಹೊತ್ತಿನ ಕೆಲಸವಲ್ಲ.

ಅವಳು ಮೀನು ಹರಡಿದಳು. ಕೈ ತನ್ನಷ್ಟಕ್ಕೆ ಕೆಲಸ ಮಾಡಿತು. ಬಿಸಿಲು ಮೇಲೇರುವ ಹೊತ್ತಿಗೆ ಒಬೂರೆ ಬಲೆಯೊಂದನ್ನು ಹೆಗಲ ಮೇಲೆ ಹೊತ್ತು ತಂದು ಅವಳ ಪಕ್ಕದಲ್ಲಿ ಕೆಡವಿದ.

"ಅವ್ವ, ಇಲ್ನೋಡು. ವಸೊಂಗಾ ಮಾಮನ ಬಲೆ."

ಬಲೆಯ ನಡುವೆ ತೂತಿತ್ತು. ಒಮೆನ ಬಲೆಯ ಕಣ್ಣು ಸೊಳ್ಳೆಪರದೆಯಷ್ಟು ಸಣ್ಣ. ದಂಡೆಯಲ್ಲಿ ದೋಣಿಗಿಂತ ಬಲೆಯನ್ನೇ ಹೆಚ್ಚು ಜೋಪಾನ ಮಾಡುತ್ತಾರೆ. ಒಬೂರೆ ತೂತಿನ ಅಂಚನ್ನು ಬೆರಳಲ್ಲಿ ಬಿಡಿಸಿ ತೋರಿಸಿದ.

"ಇದು ಹರಿದಿದ್ದಲ್ಲ. ಹರಿದ್ರೆ ದಾರ ಎಳಕೊಂಡು ಎಳಕೊಂಡು ಬತ್ತದೆ. ಇದು ಕೊಯ್ದಿರೋದು. ಚಾಕುಲಿ, ಸುತ್ತಲೂ. ಏನು ಸಿಕ್ಕಾಕೊಂಡಿತ್ತು ಅಂದ್ರೆ ಮರದ ದಿಮ್ಮಿ ಅಂದ. ದಿಮ್ಮಿ ಬಿಡಿಸಕ್ಕೆ ಯಾವನಾದ್ರೂ ಬಲೆ ಕೊಯ್ತಾನಾ? ಮಾಮನಿಗೆ ತಲೆ ಕೆಟ್ಟದಾ?"

ದೋರ್ಸಿಲಾ ಬಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ತೂತಿನ ಅಗಲಕ್ಕೆ ಎರಡೂ ಕೈ ಇಟ್ಟಳು. ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ. ಒಸೇವೆಗೆ ಅಂಗಿ ಹೊಲಿಸುವಾಗ ಹೀಗೇ ಅಳತೆ ಹಿಡಿಯುತ್ತಿದ್ದಳು, ದಾರವಿಲ್ಲದೆ, ಬರೀ ಕೈಯಲ್ಲಿ.

"ಮನೆಗೋಗಿ ಸಣ್ಣ ದಾರದ ಉಂಡೆ ತಗೊಂಬಾ," ಎಂದಳು.

"ಇಲ್ಲೇ ಅದಲ್ಲ ಅವ್ವ."

"ಇದು ದಪ್ಪ. ಹೋಗು."

ಒಬೂರೆ ಹೋದ ಮೇಲೆ ಅವಳು ಎದ್ದು ವಸೊಂಗಾನ ದೋಣಿಯ ಬಳಿ ಹೋದಳು. ಅವನೊಬ್ಬನೇ ಇದ್ದ. ದೋಣಿಯ ಒಳಗೆ ಕೂತು ತಳವನ್ನು ಮರಳು ಹಾಕಿ ತಿಕ್ಕುತ್ತಿದ್ದ. ಮೂತಿಯ ಕೊಂಡಿಯಲ್ಲಿ ಲಂಗರಿನ ಹಗ್ಗ ಜೋಲಾಡುತ್ತಿತ್ತು. ಅದರ ತುದಿಯಲ್ಲಿ ಕಲ್ಲಿರಲಿಲ್ಲ.

"ಎಲ್ಲಿ ಸಿಕ್ಕಿದ?" ಎಂದಳು ದೋರ್ಸಿಲಾ.

ವಸೊಂಗಾನ ಕೈ ನಿಂತಿತು. ಸುಳ್ಳು ಹೇಳಲು ಬಾಯಿ ತೆರೆದದ್ದು ಅವಳಿಗೆ ಕಾಣಿಸಿತು. ಆಮೇಲೆ ಅವನು ಬಾಯಿ ಮುಚ್ಚಿದ.

"ಎರಡನೇ ಎಳೆತಕ್ಕೆ," ಎಂದ. "ಬಲೆ ಭಾರ ಬಂತು. ಒಮೆನ ಅಂದ್ಕೊಂಡ್ವಿ. ಹಾಡು ಹೇಳ್ಕೊಂಡು ಎಳೆದ್ವಿ ಅತ್ತಿಗೆ."

"ಆಮೇಲೆ?"

"ಗೋರಿ ಮುಚ್ಚಿತ್ತಲ್ಲ."

"ಹೂಂ."

"ತಂದಿದ್ರೆ ಇನ್ನೊಂದು ತೋಡಬೇಕಿತ್ತು. ಒಬೂರೆನ ಎದುರಿಗೇ ಮುಚ್ಚಿದ್ವಿ, ಅವನೇ ಕಾಯಿ ಇಳಿಸಿದ್ದು. ನಿನಗೆ ಉಳಿದಿರೋನು ಅವನೊಬ್ನೇ." ವಸೊಂಗಾ ಎರಡೂ ಕೈಯಲ್ಲಿ ಮುಖ ಒರೆಸಿಕೊಂಡ. ಕೈಯ ಮರಳು ಗಡ್ಡಕ್ಕೆ ಹತ್ತಿತು. "ನಾನು ಒಳ್ಳೆಯೋನು ಅಂತ ಹೇಳ್ತಿಲ್ಲ. ತಂದ್ರೆ ಮತ್ತೆ ದಂಡೆ ಮುಚ್ತದೆ ಅನ್ನೋದೂ ತಲೇಲಿ ಬಂತು. ಎರಡೂ ಬಂತು. ಯಾವುದು ಮೊದ್ಲು ಬಂತು ಅಂತ ಕೇಳಬ್ಯಾಡ."

ಅವಳು ಕೇಳಲಿಲ್ಲ. ದೋಣಿಯ ಅಂಚು ಹಿಡಿದುಕೊಂಡಳು. ಒಂದೇ ಒಂದು ದಿನ. ಒಂದು ದಿನವೂ ಅಲ್ಲ, ಮಧ್ಯಾಹ್ನದಿಂದ ರಾತ್ರಿಯವರೆಗೆ. ಅಷ್ಟು ತಡೆದುಕೊಂಡಿದ್ದರೆ ಅವನು ಮನೆಗೆ ಬರುತ್ತಿದ್ದ. ವಾಸನೆ ಬಂದಿತ್ತು. ಗೊತ್ತಾಗಿತ್ತು. ಗೊತ್ತಾಗಿಯೂ ಮಣ್ಣು ಹಾಕಿದವಳು ಅವಳೇ. ವಸೊಂಗಾನನ್ನು ಬಯ್ಯಲು ಅವಳಿಗೆ ಬಾಯಿರಲಿಲ್ಲ.

"ಕಲ್ಲು ಕಟ್ಟಿದ್ರಾ?"

"ಕಟ್ಟಿದ್ವಿ. ಬೇರೆ ದಂಡೆಯವ್ರಿಗೆ ಸಿಕ್ಕಬಾರದು ಅಂತ."

"ಎಲ್ಲಿ?"

"ಎರಡು ದ್ವೀಪದ ನಡುವೆ. ಆಳದಾಗೆ. ಬಲೆ ಮುಟ್ಟದ ಕಡೆ."

ಕೇಳಬೇಕೋ ಬೇಡವೋ ಎಂದು ಎರಡು ಸಲ ಹಿಂಜರಿದು ಕೊನೆಗೆ ಕೇಳಿದಳು.

"ಮುಖ?"

ವಸೊಂಗಾ ಮೊದಲ ಬಾರಿಗೆ ಅವಳನ್ನು ನೇರವಾಗಿ ನೋಡಿದ.

"ಇತ್ತು ಅತ್ತಿಗೆ. ಮಲಗಿರೋನ ಮುಖ. ತಣ್ಣೀರಲ್ವಾ. ಮೀನು ಮುಟ್ಟಿರಲಿಲ್ಲ."

ದೋರ್ಸಿಲಾ ತಲೆಯಾಡಿಸಿದಳು. ಹಿಂದಿರುಗಿ ತನ್ನ ಹಾಸಿನ ಬಳಿ ಬಂದು ಕೂತಳು.

ಒಬೂರೆ ದಾರದ ಉಂಡೆ ತಂದಿದ್ದ. ಓಡಿ ಬಂದದ್ದಕ್ಕೆ ಏದುಸಿರು ಬಿಡುತ್ತಿದ್ದ.

"ಮಾಮನ ಹತ್ರ ಹೋಗಿದ್ಯಾ? ಏನಂದ?"

"ದಿಮ್ಮಿನೇ ಕಣೋ," ಎಂದಳು ಅವಳು. "ದೊಡ್ಡದಂತೆ. ಕೊಂಬೆಯೆಲ್ಲಾ ಬಲೇಲಿ ಹೆಣೆಕೊಂಡಿತ್ತಂತೆ. ಗಾಳಿ ಬ್ಯಾರೆ. ಕೊಯ್ಯದೆ ವಿಧಿ ಇರ್ಲಿಲ್ಲ."

ಒಬೂರೆ ಅವ್ವನ ಮುಖ ನೋಡಿದ. ಆಮೇಲೆ ಹೆಗಲು ಕುಣಿಸಿ ಸೂಜಿಗೆ ದಾರ ಪೋಣಿಸಿದ.

"ಕೊಡಿಲ್ಲಿ," ಎಂದಳು ದೋರ್ಸಿಲಾ. "ಇದನ್ನ ನಾನು ಹೊಲೀತೀನಿ. ನೀನು ಮೀನು ತಿರುವಿ ಹಾಕು."

"ನಿಂಗೆ ಇಷ್ಟು ಸಣ್ಣ ಕಣ್ಣು ಕಾಣ್ತದಾ?"

"ಕಾಣ್ತದೆ."

ಅವನು ಎದ್ದು ಹೋಗಿ ಒಮೆನವನ್ನು ಬೆನ್ನು ಮೇಲೆ ಮಾಡಿ ತಿರುವತೊಡಗಿದ. ತ್ರುಫೇನಾ ತನ್ನ ಹಾಸಿನಿಂದ, ಗಡಿ ದಾಟಬೇಡವೋ ಎಂದು ಅವನನ್ನು ರೇಗಿಸಿದಳು. ದೋರ್ಸಿಲಾ ತೂತಿನ ಅಂಚಿನಿಂದ ಶುರು ಮಾಡಿದಳು. ಒಂದು ಕಣ್ಣು, ಒಂದು ಗಂಟು. ಇನ್ನೊಂದು ಕಣ್ಣು, ಇನ್ನೊಂದು ಗಂಟು. ಸಂಜೆಯೊಳಗೆ ಮುಗಿಯಬೇಕು, ಬಲೆ ಇವತ್ತು ಮತ್ತೆ ನೀರಿಗೆ ಹೋಗುತ್ತದೆ. ಸೂರ್ಯ ನೆತ್ತಿಗೆ ಬಂದ. ಈ ಹೊತ್ತಿಗೆ ಒಮೆನ ಎಲ್ಲ ತಳಕ್ಕಿಳಿದಿರುತ್ತವೆ, ಎರಡು ದ್ವೀಪದ ನಡುವೆ, ಕತ್ತಲಲ್ಲಿ, ಒಂದರ ಪಕ್ಕ ಒಂದು. ಅವಳು ದಾರ ಕಚ್ಚಿ ತುಂಡು ಮಾಡಿ, ಹೊಸ ಎಳೆ ಪೋಣಿಸಿಕೊಂಡಳು.